ಸುಣ್ಣಣ್ಣನ ನಾನೂರು ಮೀಟರ್

ವಿಶ್ವವಿದ್ಯಾಲಯದ ಕ್ರೀಡಾ ತಂಡಗಳಿಗೆ ಅರವತ್ತು ತುಂಬಿತು, ಒಂದು ಚರಿತ್ರೆ ಬರೆಯಬೇಕು ಎಂದು ಹತ್ತು ಜನ ಸೇರಿ ತೀರ್ಮಾನಿಸಿದರು. ಬರೆಯುವ ಕೆಲಸ ಎಂದಿನಂತೆ ಒಬ್ಬರ ತಲೆಗೆ ಬಿತ್ತು. ಆ ಒಬ್ಬರು ಕ್ರೀಡಾ ನಿರ್ದೇಶಕಿ. ಓದುವ ಕಾಲದಲ್ಲಿ ಅಲ್ಲಿಯದೇ ಓಟಗಾರ್ತಿ, ಆಗಿನ ಅಡ್ಡಹೆಸರು ‘ಗಾಳಿ’. ಕಪ್ ಯಾವ ವರ್ಷ ಬಂತೆಂದು ಕಡತ ಹೇಳೀತು, ಹೇಗೆ ಬಂತೆಂದು ಹೇಳಲು ಸುಣ್ಣಣ್ಣನೇ ಬೇಕು ಎಂದು ಅವರು ಅವನನ್ನು ಕರೆಸಿದರು.

ಸುಣ್ಣಣ್ಣ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದವನು. ನಿವೃತ್ತನಾಗಿ ವರ್ಷಗಳಾದರೂ ಸೊಟ್ಟ ಗೆರೆ ಕಂಡರೆ ಅವನಿಗೆ ಈಗಲೂ ಮೈ ಉರಿಯುತ್ತದೆ. ಎರಡು ದಿನ ಅವನು ಬಾಯ್ತುಂಬ ಹೇಳಿದ. ಇದ್ದ ಒಂದೇ ಜೊತೆ ಪ್ಯಾಡನ್ನು ಬೆಳಿಗ್ಗೆ ಹುಡುಗರ ಗೋಲ್‌ಕೀಪರ್, ಮಧ್ಯಾಹ್ನ ಹುಡುಗಿಯರ ಗೋಲ್‌ಕೀಪರ್ ಕಟ್ಟಿಕೊಂಡು, ಹಾಕಿ ಆಟದ ಎರಡೂ ತಂಡ ಫೈನಲ್ ಮುಟ್ಟಿದ್ದು. ರಿಲೇ ತಂಡದಲ್ಲಿ ಮೂವರಿಗೆ ಶೂ ಇಲ್ಲವೆಂದು ನಾಲ್ಕನೆಯವನು ತನ್ನದನ್ನೂ ಬಿಚ್ಚಿಟ್ಟು ಓಡಿ ಗೆದ್ದದ್ದು. "ಎಂಥಾ ಮಕ್ಕಳು ಮೇಡಂ!" ಎಂದು ಹೇಳುವಾಗ ಅವನ ಕಣ್ಣು ತುಂಬಿ ಬಂತು. ಅಂಥ ಮಕ್ಕಳನ್ನು ಕಂಡೂ ಕಣ್ಣು ತುಂಬದಿದ್ದರೆ ಅದೇನು ಕಣ್ಣೋ, ಗೋಲಿಯೋ.

ಒಂದು ಒಗಟು ಮಾತ್ರ ಅವನಿಗೂ ಬಿಡಿಸಲು ಬರಲಿಲ್ಲ. ಮೈದಾನದಲ್ಲಿ ಹಳೆಯ ಮಣ್ಣಿನ ಟ್ರ್ಯಾಕ್ ಇದ್ದ ಹದಿನೆಂಟು ವರ್ಷವೂ ನಮ್ಮ ಓಟಗಾರರು ಮನೆಯಲ್ಲಿ ಇಲಿ, ಬೀದಿಯಲ್ಲಿ ಹುಲಿ. ಇಲ್ಲಿ ಓಡಿದರೆ ಸಮಯ ಸಪ್ಪೆ. ಹೊರಗೆ ಹೋದರೆ ಪದಕ. ಆಗಿನ ಕೋಚ್ ಸೋಮಾರಿಗಳೆಂದು ಬೈದು ಬೈದೇ ಗಂಟಲು ಕೆಡಿಸಿಕೊಂಡಿದ್ದರು.

ಮೂರನೆಯ ದಿನ ಸುಣ್ಣಣ್ಣ ಕಚೇರಿಗೆ ಬರುವ ದಾರಿಯಲ್ಲಿ ಹೊಸ ಟ್ರ್ಯಾಕಿನ ಕೆಲಸ ನೋಡಲು ನಿಂತ. ಇಂಜಿನಿಯರ್ ಹೆಣ್ಣುಮಗಳೊಬ್ಬಳು ಒಳ ಅಂಚಿನಿಂದ ಒಂದು ಗೇಣಿಗೂ ಹೆಚ್ಚು ಆಚೆ ಟೇಪು ಹಿಡಿದಿದ್ದಳು.

"ಟೇಪು ಜಾರಿದೆಯಲ್ಲ ತಾಯಿ," ಎಂದು ಇವನು ನಕ್ಕ.

"ಇಲ್ಲ ಅಜ್ಜ, ಅಂಚಿನ ಮೇಲೆ ಯಾರಾದ್ರೂ ಓಡ್ತಾರಾ? ಮೂವತ್ತು ಸೆಂಟಿಮೀಟರ್ ಆಚೆ ಓಡ್ತಾರೆ. ಅಳತೆ ಅಲ್ಲೇ ಹಿಡೀಬೇಕು."

"ಅಂಚಿನ ಮೇಲೇ ಹಿಡಿದ್ರೆ?"

"ಓಡೋರಿಗೆ ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡು ಮೀಟರ್ ಜಾಸ್ತಿ."

ಸುಣ್ಣಣ್ಣನ ನಗು ಅಲ್ಲೇ ಇಂಗಿತು. ಹದಿನೆಂಟು ವರ್ಷ ಅವನು ಟೇಪನ್ನು ಇಟ್ಟಿಗೆಯ ಅಂಚಿಗೇ ಒತ್ತಿ ಹಿಡಿದು, ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಬೀಗಿದ್ದ. ಅವನಿಗೆ ನೆನಪಾದದ್ದು ಆ ಹಳೆಯ ಟ್ರ್ಯಾಕಿನಲ್ಲಿ ನಡೆದ ಒಂದೇ ಒಂದು ನಾನೂರು ಮೀಟರ್ ಓಟ. ದೇಶದ ತಂಡ ಸೇರಲು ಐವತ್ತೇಳು ಸೆಕೆಂಡಿನೊಳಗೆ ಮುಗಿಸಬೇಕಿತ್ತು. ‘ಗಾಳಿ’ಗೆ, ಅಂದರೆ ಈಗಿನ ನಿರ್ದೇಶಕಿಗೆ, ಹಿಡಿದದ್ದು ಐವತ್ತೇಳು ಪಾಯಿಂಟ್ ಎರಡು. ಮರುವರ್ಷ ಅವಳ ಮೊಣಕಾಲು ಹೋಯಿತು, ಓಟ ಅಲ್ಲಿಗೇ ನಿಂತಿತು.

ಅವನು ಕಚೇರಿಗೆ ಹೋಗದೆ ಮನೆಗೆ ತಿರುಗಿದ. ಹೆಂಡತಿ ಎಲ್ಲ ಕೇಳಿಸಿಕೊಂಡು, "ಯಾರಿಗೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಸುಮ್ನಿರಲಾರದೆ ಇರುವೆ ಬಿಟ್ಕೋಬೇಡಿ," ಎಂದಳು. ಮಾತು ಸರಿಯೇ. ಆದರೆ ಚರಿತ್ರೆಯಲ್ಲಿ ಆ ಮಕ್ಕಳು ನಿಧಾನ ಎಂದು ಅಚ್ಚಾಗಿಬಿಡುತ್ತದಲ್ಲ! ಅವನಿಗೆ ಊಟ ಸೇರಲಿಲ್ಲ.

ಮರುದಿನ ನಿರ್ದೇಶಕಿಯ ಮೇಜಿನ ಮುಂದೆ ನಿಂತೇ ಹೇಳಿಬಿಟ್ಟ. ಅವರು ಕಾಗದ ಎಳೆದುಕೊಂಡು ಲೆಕ್ಕ ಹಾಕಿದರು, ಹೊಡೆದು ಹಾಕಿ ಇನ್ನೊಮ್ಮೆ ಹಾಕಿದರು. ಎರಡು ಮೀಟರಿಗೆ ಕಾಲು ಸೆಕೆಂಡು. ಅವರಿಗೆ ಬೇಕಾಗಿದ್ದದ್ದಕ್ಕಿಂತ ಹೆಚ್ಚೇ.

"ನಿಮ್ಮ ಹತ್ರ ಎಷ್ಟು ಸಲ ಕೇಳಿದ್ದೆ ಸುಣ್ಣಣ್ಣ," ಎಂದರು ಕೊನೆಗೆ. ದನಿ ಏರಿತ್ತು. "ಟ್ರ್ಯಾಕ್ ಸರಿ ಇದೆಯಾ ಅಂತ ಕೇಳಿದ್ದೆ. ಎದೆ ತಟ್ಕೊಂಡು ಹೇಳಿದ್ರಿ."

"ಹೇಳಿದ್ದೆ ತಾಯಿ."

"ನಾನೇ ನಿಧಾನ ಅಂತ ನಂಬ್ಕೊಂಡು ಬದುಕಿದೀನಿ. ಇಷ್ಟು ವರ್ಷ!"

"ನೀನು ನಿಧಾನ ಅಲ್ಲ ತಾಯಿ. ಎಲ್ಲರಿಗಿಂತ ಜಾಸ್ತಿ ಓಡ್ದೋಳು. ತಪ್ಪು ನನ್ನದು ಅಂತ ಪುಸ್ತಕದಲ್ಲಿ ಬರೀರಿ. ಹೆಸರು ಹಾಕೇ ಬರೀರಿ."

ಅವರು ಮುಖ ಮುಚ್ಚಿಕೊಂಡು ಅತ್ತರು. ಮುದುಕ ಕಟ್ಟಿಹಾಕಿದವನಂತೆ ನಿಂತೇ ಇದ್ದ. ಸಮಾಧಾನ ಹೇಳುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಮುಖ ತೊಳೆದು ಬಂದ ಮೇಲೆ ಅವರು ಹಳೆಯ ತಂಡಗಳ ಪಟ್ಟಿ ತೆಗೆದು ಅವನ ಮುಂದೆ ದೂಡಿದರು. ಹದಿನೆಂಟು ವರ್ಷ, ನೂರಕ್ಕೆ ಮೇಲ್ಪಟ್ಟು ಹೆಸರು.

"ನಾನು ಇವತ್ತೇ ಕ್ಷಮಿಸ್ತೀನಿ ಅನ್ಕೋಬೇಡಿ. ಅದಕ್ಕೆ ಸಮಯ ಬೇಕು. ಆದ್ರೆ ಇವರೆಲ್ಲ ಬೈಸ್ಕೊಂಡು ಹೋದ ಮಕ್ಕಳು. ಒಬ್ಬೊಬ್ರಿಗೂ ಫೋನ್ ಮಾಡೋಣ. ನಂಬರ್ ನಾನು ಹುಡುಕಿ ಕೊಡ್ತೀನಿ, ಮಾತು ನೀವೇ ಆಡ್ಬೇಕು."

"ಏನಂತ ಹೇಳ್ಲಿ?"

"ಈಗ ನನಗೆ ಹೇಳಿದ್ರಲ್ಲ, ಅದನ್ನೇ."

ಸುಣ್ಣಣ್ಣ ಕುರ್ಚಿ ಎಳೆದುಕೊಂಡು ಕೂತ. ಮೊದಲ ನಂಬರಿಗೆ ಫೋನ್ ರಿಂಗಾಯಿತು. ಆ ಕಡೆಯಿಂದ ವಯಸ್ಸಾದ ಗಂಡಸಿನ ದನಿ, "ಯಾರು?" ಎಂದಿತು.

"ನಾನಪ್ಪ, ಮೈದಾನದ ಸುಣ್ಣಣ್ಣ. ನೀನು ತುಂಬಾ ಜೋರಾಗಿ ಓಡ್ತಿದ್ದೆ, ಮಗಾ. ಅದನ್ನ ಹೇಳೋಕೆ ಫೋನ್ ಮಾಡ್ದೆ."