ನೋಡದ ಮನೆ

ಕಂಡಕ್ಟರನ ಕಣ್ಣು ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ಬಸ್ಸಿನ ಅಕ್ಕಪಕ್ಕದ ಸೀಟುಗಳು ಮಸುಕಾದವು, ಆಮೇಲೆ ಟಿಕೆಟ್ಟಿನ ಮೇಲಿನ ಅಂಕಿ, ಕೊನೆಗೆ ಎದುರು ನಿಂತವರ ಮುಖ. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಬಹಳ ತಡವಾಗಿ ಬಂದಿರಿ ಎಂದರು ಡಾಕ್ಟರು. ಅವನು ಕೆಲಸ ಬಿಟ್ಟು ಮನೆಯಲ್ಲಿ ಕೂತ.

ಆದರೆ ಆ ಮನೆ ಅವನಿಗೆ ಅಂಗೈಯ ಗೆರೆಯಂತೆ ಗೊತ್ತಿತ್ತು. ಮದುವೆಯಾದಂದಿನಿಂದ ಬಾಡಿಗೆಗಿದ್ದ ಮನೆ. ಗೋಡೆಗೆ ತಿಳಿನೀಲಿ ಬಳಿದವನೂ ಅವನೇ, ಅಡುಗೆಮನೆಯ ಕಪಾಟು ಹೊಡೆದವನೂ ಅವನೇ. ಪೂರ್ತಿ ಕತ್ತಲಾದ ಮೇಲೂ ಅಲ್ಲಿ ತಾನೇ ಟೀ ಕಾಸಿಕೊಳ್ಳುತ್ತಿದ್ದ, ಹಿತ್ತಲಿನ ತಂತಿಯಿಂದ ಬಟ್ಟೆ ತೆಗೆದು ಮಡಚಿಡುತ್ತಿದ್ದ. ಹೆಂಡತಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಮಕ್ಕಳಿರಲಿಲ್ಲ. ಅವಳು ನಿಶ್ಚಿಂತೆಯಿಂದ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ನಿನ್ನ ಗಂಡನಿಗೆ ಕಾಲಿಗೇ ಕಣ್ಣು ಬಂದಿದೆ ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಮನೆಯ ಮಾಲೀಕ ತೀರಿಕೊಂಡ. ಅವನ ಮಕ್ಕಳು ಮನೆ ಮಾರಿದರು. ಕೊಂಡವನು ಒಳ್ಳೆಯ ಮಾತಿನಲ್ಲೇ, ಬೇರೆ ನೋಡಿಕೊಳ್ಳಿ ಎಂದ.

ಊರಿನ ಇನ್ನೊಂದು ತುದಿಯಲ್ಲಿ, ಗೋದಾಮುಗಳ ಸಾಲಿನ ಹಿಂದೆ, ಅವಳಿಗೊಂದು ಮನೆ ಸಿಕ್ಕಿತು. ನೆಲಮಹಡಿ, ಎರಡು ಕೋಣೆ, ಮೆಟ್ಟಿಲಿಲ್ಲ. ಅಷ್ಟಕ್ಕೇ ಅವಳು ಒಪ್ಪಿದ್ದಳು. ಸಾಮಾನು ಇಳಿಸಿದ ಸಂಜೆಯೇ ಅವನ ಕೈ ಹಿಡಿದು ಗೋಡೆಗುಂಟ ನಡೆಸಿದಳು. ಬಚ್ಚಲಿನ ಚಿಲಕಕ್ಕೆ ಹಳೆಯ ಟವೆಲ್ಲಿನ ಚೂರು ಕಟ್ಟಿದಳು, ಅಡುಗೆಮನೆಯ ಹೊಸ್ತಿಲಿಗೆ ಗೋಣಿತಟ್ಟು ಹಾಸಿದಳು, ಕಾಲಿಗೆ ಗುರುತು ಸಿಗಲಿ ಎಂದು. ಮೊದಮೊದಲು ಅವನಿಗೂ ಹುರುಪಿತ್ತು. ಹಳೆಯ ಕಸುಬಿನ ದನಿ ತೆಗೆದು, "ಬಚ್ಚಲುಮನೆ, ಬಚ್ಚಲುಮನೆ, ಇಳಿಯೋರು ಇಳೀರಿ, ಬಾಗಿಲಲ್ಲಿ ನಿಲ್ಲಬೇಡಿ" ಎನ್ನುತ್ತ ತಡವಿಕೊಂಡು ಹೋಗುತ್ತಿದ್ದ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

ಊಟಕ್ಕೆ ಕೂತಾಗ ಒಂದು ದಿನ ಅವನು ಗೋಡೆ ಯಾವ ಬಣ್ಣ ಎಂದು ಕೇಳಿದ. ಅವಳು ತಲೆಯೆತ್ತಿ ನೋಡಿದಳು. ಮಾಸಿದ ಹಳದಿ, ಕೆಳಗೆಲ್ಲ ಥಂಡಿ ಹತ್ತಿ ಸುಣ್ಣ ಉಬ್ಬಿತ್ತು.

"ನೀಲಿ ರೀ. ನಮ್ಮ ಹಳೇ ಮನೇದೇ ಬಣ್ಣ. ನಾನೂ ಆಶ್ಚರ್ಯಪಟ್ಟೆ" ಎಂದಳು.

ಅವನ ಮುಖ ಅರಳಿತು. ಆ ಮುಖ ನೋಡಿದ ಮೇಲೆ ಅವಳಿಗೆ ತಡೆಯೇ ಇಲ್ಲದಂತಾಯಿತು. ಕಿಟಕಿಯಾಚೆ ಒಂದು ಮರವಿದೆ ಎಂದಳು. ಇದ್ದದ್ದು ಗೋದಾಮಿನ ತಗಡಿನ ಬೆನ್ನು. ಎದುರುಮನೆಯವರು ಬಾಗಿಲಲ್ಲಿ ಹೂಕುಂಡ ಇಟ್ಟಿದ್ದಾರೆ ಎಂದಳು. ಕೆಲಸದಿಂದ ಬರುವಾಗ ದಾರಿಯಲ್ಲೇ ಹೊಸದೊಂದನ್ನು ಯೋಚಿಸಿಕೊಂಡು ಬರುತ್ತಿದ್ದಳು. ಅವನು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದ. ಅವಳಿಗೆ ಒಳಗೊಳಗೇ ಅಳುಕಿದ್ದರೂ, ಮನೆ ಹೊಂದುತ್ತಿದೆ ಎಂದು ಸಮಾಧಾನವಾಗಿತ್ತು.

ಒಂದು ಭಾನುವಾರ ಅವಳ ಅಕ್ಕ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು, ಇದೇನೇ ಗೋಡೆ, ಕಾಮಾಲೆ ಹತ್ತಿದವರ ಹಾಗಿದೆ, ಒಂದು ಕೈ ಸುಣ್ಣವನ್ನಾದರೂ ಹೊಡೆಸಿಕೊಡಬಾರದೇ ಎಂದು ಮನೆ ಮಾಲೀಕನಿಗೆ ಶಾಪ ಹಾಕಿದಳು. ತಂಗಿ ಸನ್ನೆ ಮಾಡುವಷ್ಟರಲ್ಲಿ ಮಾತು ಮುಗಿದಿತ್ತು. ಕಂಡಕ್ಟರ್ ಅತ್ತಿಗೆಯ ಜೊತೆ ಮಾತಾಡಿದ, ನಕ್ಕ, ಅವಳನ್ನು ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಆಮೇಲೆ ಕುರ್ಚಿಯಲ್ಲಿ ಕೂತು ಮೆಲ್ಲನೆ ಕೇಳಿದ:

"ಇನ್ನೇನೇನು ನೀಲಿ ಮಾಡಿದೀಯ?"

ಅವಳು ಅಕ್ಕ ಕುಡಿದಿಟ್ಟ ಲೋಟ ಎತ್ತಿಕೊಂಡಳು.

"ಮರ?"

ಅವನು ಕಿಟಕಿಯ ಹೊರಗೆ ಕೈ ಚಾಚಿದ. ಬೆರಳಿಗೆ ತಗಡು ತಾಕಿತು. ಅದರ ಮಡಿಕೆಗಳ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿ ಕೈ ಒಳಗೆಳೆದುಕೊಂಡ.

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಮಾರನೆಯ ದಿನ ಅವಳು ಲಾಂಡ್ರಿಗೆ ಹೋದ ಮೇಲೆ ಅವನು ಕೋಲು ಹಿಡಿದು ಹೊರಬಿದ್ದ. ಯಾರನ್ನೋ ಕೇಳಿ ಬಸ್ ನಿಲ್ದಾಣ ಮುಟ್ಟಿದ. ಬಸ್ಸು ಹತ್ತಿದರೆ ಸಾಕು, ಮುಂದಿನದು ಅವನ ರಾಜ್ಯ. ತಿರುವು ತಿರುವಿಗೂ ಎಲ್ಲಿದ್ದೇನೆಂದು ಅವನ ಮೈಗೇ ಗೊತ್ತಾಗುತ್ತಿತ್ತು. ಆ ಬಸ್ಸಿನ ಕಂಡಕ್ಟರ್ ಅವನಿಂದಲೇ ಕೆಲಸ ಕಲಿತವನು. ಹಳೆಯ ಬೀದಿಯ ಬಾಯಲ್ಲಿ ಕೈ ಹಿಡಿದು ಇಳಿಸಿ, ಬರುವಾಗ ಇಲ್ಲೇ ನಿಂತಿರಿ ಗುರುಗಳೇ ಎಂದ.

ಹಳೆಯ ಮನೆಯ ಗೇಟಿದ್ದ ಜಾಗದಲ್ಲಿ ಕೈಗೆ ತಗಡಿನ ಬೇಲಿ ಸಿಕ್ಕಿತು. ಒಳಗಿಂದ ಒಬ್ಬ ಮೇಸ್ತ್ರಿ ಬಂದು ಯಾರು ಬೇಕು ಎಂದ. ಇಲ್ಲಿದ್ದವರು ನಾವೇ, ಒಂದು ಸಲ ಒಳಗೆ ಬಿಡಿ ಎಂದು ಇವನು ಕೇಳಿಕೊಂಡ. ಮೇಸ್ತ್ರಿಗೆ ಅಯ್ಯೋ ಅನ್ನಿಸಿರಬೇಕು, ತೋಳು ಹಿಡಿದು ಕರೆದುಕೊಂಡು ಹೋದ. ಗೋಡೆ ಒಂದೂ ಉಳಿದಿರಲಿಲ್ಲ. ಕಾಲ ಕೆಳಗೆ ಇಟ್ಟಿಗೆ ಚೂರು, ಮಣ್ಣು, ಕಂಬಗಳಿಗೆ ತೋಡಿದ ಗುಂಡಿಗಳು. ಅಡುಗೆಮನೆ ಎಲ್ಲಿತ್ತೆಂದು ಹುಡುಕಿದ. ಹೊಸ್ತಿಲಿನಿಂದ ಲೆಕ್ಕ ಹಿಡಿಯೋಣವೆಂದರೆ ಹೊಸ್ತಿಲೇ ಇಲ್ಲ. ಹೀಗೆ ತಿರುಗಿ ಹಾಗೆ ತಿರುಗಿ, ಬೀದಿ ಯಾವ ಕಡೆಗಿದೆ ಎಂಬುದೂ ತಪ್ಪಿಹೋಯಿತು. ತಾನು ಬಾಳಿದ ಮನೆಯ ನಡುವೆ ನಿಂತು ಅವನು ದಾರಿ ತಪ್ಪಿದ್ದ. ಮೇಸ್ತ್ರಿಯೇ ಹೊರಗೆ ತಂದು ಬಿಡಬೇಕಾಯಿತು.

ಅವಳು ಕೆಲಸದಿಂದ ಬಂದಾಗ ಆ ಬಸ್ಸಿನ ಕಂಡಕ್ಟರ್ ಅವಳ ಗಂಡನನ್ನು ಕರೆತಂದು ಜಗಲಿಯಲ್ಲಿ ಕೂರಿಸಿ, ಪಕ್ಕದಲ್ಲೇ ಕಾಯುತ್ತಿದ್ದ. ಆ ಶಿಷ್ಯ ಹೋದ ಮೇಲೆ ಅವಳು ಗಂಡನ ಕಾಲಿನ ಮಣ್ಣು ತೊಳೆದಳು. ಹೀಗೆ ಹೇಳದೆ ಕೇಳದೆ ಹೋಗಬಹುದಾ ಎಂದು ಗದರಬೇಕೆಂದಿದ್ದವಳು ಸೆರಗಿನಿಂದ ಆ ಕಾಲನ್ನು ಒರೆಸಿದಳು.

"ಆ ಮನೆ ನಾನು ನೋಡಿದ್ದೆ ಕಣೇ" ಎಂದ ಅವನು. "ಕಣ್ಣು ಹೋದ್ಮೇಲೂ ಒಳಗಡೆ ಹಾಗೇ ಇತ್ತು. ಈಗ ಅಡುಗೆಮನೆ ಅಂದ್ಕೊಂಡ್ರೆ ಗುಂಡಿ ಸಿಗತ್ತೆ ಕಾಲಿಗೆ. ಸುಮ್ನೆ ಹೋಗಿ ಅದನ್ನೂ ಹಾಳು ಮಾಡ್ಕೊಂಡೆ."

"ಈ ಮನೇನ ನಾನು ಸರಿಯಾಗಿ ಹೇಳ್ತೀನಿ. ಇದ್ದದ್ದು ಇದ್ದ ಹಾಗೆ."

"ಹೇಳು" ಎಂದ.

ಅವಳು ರಜೆ ಹಾಕಿ ಮನೆಯಲ್ಲುಳಿದಳು. ಹಳದಿಯನ್ನು ಹೇಳಿದಳು, ಉಬ್ಬಿದ ಸುಣ್ಣವನ್ನು ಹೇಳಿದಳು, ಸೂರಿನ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅವನ ಬೆರಳು ಹಿಡಿದು ಅವನದೇ ತೊಡೆಯ ಮೇಲೆ ಗೀರಿ ತೋರಿಸಿದಳು. ಅವನು ಮರ್ಯಾದೆಯಿಂದ ಕೇಳಿದ. ಕೊನೆಗೆ, "ನೀನು ಹೇಳ್ತೀಯ, ನಾನು ಕೇಳ್ತೀನಿ. ಆದ್ರೆ ಒಳಗೆ ಅಂಟಲ್ಲ. ನಿನ್ನ ತಪ್ಪಲ್ಲ ಬಿಡು" ಎಂದ. ಸುಳ್ಳು ಹೇಳದಿದ್ದರೆ ಅಂಟುತ್ತಿತ್ತೇ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಅಲ್ಲಿಂದ ಮುಂದೆ ಅವನು ತಾನಾಗಿ ಏಳುವುದು ಕಡಿಮೆಯಾಯಿತು. ಬಚ್ಚಲಿಗೆ ಅವಳೇ ಕರೆದುಕೊಂಡು ಹೋಗಬೇಕು. ಅವಳು ಕೆಲಸಕ್ಕೆ ಹೋಗುವಾಗ ಮಂಚದ ಪಕ್ಕ ನೀರು, ಊಟ, ಒಂದು ಬಕೆಟ್ಟು ಇಟ್ಟು ಹೋಗುವಳು. ಅಕ್ಕ ಬಂದು ಅತ್ತು, ತಪ್ಪಾಯಿತು ಎಂದಳು. ಅವನು ಅದಕ್ಕೂ, ಅಯ್ಯೋ, ಅದರಲ್ಲೇನಿದೆ ಎಂದ. ಬಸ್ಸಿನ ಕಂಡಕ್ಟರ್ ಒಂದೆರಡು ಸಲ ಬಂದು ಡಿಪೋದ ಸುದ್ದಿ ಹೇಳಿ, ಆಮೇಲೆ ಬರುವುದನ್ನು ಬಿಟ್ಟ.

ಮಳೆ ನಿಂತ ಮೇಲೆ ಮನೆ ಮಾಲೀಕ ಸುಣ್ಣ ಹೊಡೆಯುವವನನ್ನು ಕಳಿಸಿದ. ಯಾವ ಬಣ್ಣ ಬೇಕು ತಾಯಿ, ಎಲ್ಲವೂ ಒಂದೇ ರೇಟು ಎಂದ ಅವನು. ಅವಳು ಒಳಗೆ ಹೋಗಿ ಗಂಡನನ್ನು ಕೇಳಿದಳು.

"ನೋಡೋಳು ನೀನು. ನಿನಗೆ ಯಾವುದಿಷ್ಟವೋ ಅದು" ಎಂದ. ಕುಟುಕಿ ಹೇಳಿದ ಮಾತಲ್ಲ ಅದು.

ಅವಳು ಬಹಳ ಹೊತ್ತು ಯೋಚಿಸಿದಳು. ತನಗೆ ಯಾವ ಬಣ್ಣ ಇಷ್ಟ ಎಂದು ಯಾರೂ ಕೇಳಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಕೊನೆಗೆ, ಬಿಳಿಯೇ ಹೊಡೆದುಬಿಡಪ್ಪ, ಆಸ್ಪತ್ರೆಯಲ್ಲಿ ನೋಡಿ ನೋಡಿ ಅದೇ ಅಭ್ಯಾಸವಾಗಿದೆ ಎಂದಳು. ಆಮೇಲೆ ಅವಳೂ ಸುಣ್ಣದವನೂ ಸೇರಿ ಮಂಚವನ್ನು, ಗಂಡ ಅದರ ಮೇಲೆ ಕೂತಿರುವಂತೆಯೇ, ಗೋಡೆಯಿಂದ ಈಚೆಗೆ ಎಳೆದರು. ಯಾವ ಕಡೆಗೆ ಎಳೆಯುತ್ತಿದ್ದೀರಿ ಎಂದು ಅವನು ಕೇಳಲಿಲ್ಲ.