ದುರ್ಗತ್ತಿಗೆ ತಂದ ಅಕ್ಕಿ

ಮೆಂತ್ಯ ಹೆಚ್ಚಾಯಿತು ಸೋಮಿಯ ಮಸಾಲೆಗೆ, ಕೊತ್ತಂಬರಿಯ ಘಮ ಏಳುವ ಮೊದಲೇ ಕಹಿ ಬಂದು ಮೂಗಿನಲ್ಲಿ ಕೂತಿತು, ಇಷ್ಟು ಮೆಂತ್ಯ ಹಾಕಿದರೆ ಬಂಗಡೆ ಸಾರು ಕಷಾಯವಾಗುತ್ತದೆ ಅಂದೆ, ಕೇಳಬೇಕಲ್ಲ, ನಿನ್ನ ಕೆಲ್ಸ ಬೀಸೂದು, ಬೀಸು ಮಾರಾಯಾ ಅಂದಳು — ಬೀಸುತ್ತೇನೆ, ಯಾರು ಬೇಡ ಅಂದರು, ಆದರೆ ಬೀಸುವವನಿಗೆ ತಿಳಿಯದ ಸಂಗತಿ ಈ ಅವರ್ಸಾ ಊರಲ್ಲಿ ಯಾವುದಿದೆ, ಗಿರಣಿ ಮಾದೇವ ಅಂದರೆ ಸುಮ್ಮನೆಯೇ, ಡಬ್ಬಿ ಯಾರ ಮನೆಯದು, ಒಳಗೆ ಏನಿದೆ, ಇಷ್ಟು ನೋಡಿದರೆ ಆ ಮನೆಯ ಅಡುಗೆಕೋಣೆಯಲ್ಲಿ ನಾನೇ ಮಣೆ ಹಾಕಿ ಕೂತಂತೆ, ಅಕ್ಕಿ ಉದ್ದು ಕೂಡಿ ವಡೆ ಹಿಟ್ಟು ರಾಶಿ ಬಿತ್ತೆಂದರೆ ಹುಡುಗಿ ನೋಡಲು ಜನ ಬರುತ್ತಾರೆ, ರಾಗಿ ಬಂದರೆ ತೊಟ್ಟಿಲ ಕೂಸಿಗೆ ಮಣ್ಣಿ ತಿನ್ನಿಸುವ ಕಾಲ, ಹುಟ್ಟಿದಾಗಿನಿಂದ ಕುಚ್ಚಕ್ಕಿ ಗಂಜಿ ಉಂಡ ಮನೆಯಿಂದ ಒಮ್ಮೆಲೇ ಗೋಧಿ ಬಂತೋ, ಯಜಮಾನನಿಗೆ ಸಕ್ಕರೆ ಕಾಯಿಲೆ, ಪುಂಡಲೀಕ ಮಾಸ್ತರರನ್ನು ಚಾದಂಗಡಿಯ ಎದುರೇ ಕೇಳಿಬಿಟ್ಟೆನಲ್ಲ, ಸಕ್ಕರೆ ಎಷ್ಟುಂಟು ಮಾಸ್ತರೇ, ಪಾಪ, ಕೈಯಲ್ಲಿದ್ದ ಲಾಡನ್ನು ಬೆನ್ನ ಹಿಂದೆ ಅಡಗಿಸಿದರು, ನಿಂಗೆ ಯಾರು ಹೇಳಿದ್ದೋ, ನಿನ್ನೆಯಷ್ಟೇ ಡಾಕ್ಟರು ಹೇಳಿದ್ದು ಅಂತ, ಯಾರೂ ಹೇಳುವುದು ಬೇಡ ಮಾಸ್ತರೇ, ನಿಮ್ಮ ಗೋಧಿ ಹೇಳಿತು — ಅಂಗಡಿಯವರೆಲ್ಲ ನಕ್ಕದ್ದೇ ನಕ್ಕದ್ದು, ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಚಂಪಾ ಮಾತ್ರ ನಗಲಿಲ್ಲ, ಊರವರ ಹೊಟ್ಟೆ ಸುದ್ದಿ ಎಲ್ಲಾ ನಿಮ್ಗೆ ಎಂತಕ್ಕೆ, ಸ್ವಂತ ಅಣ್ಣನ ಮನೇಲಿ ಒಲೆ ಮೇಲೆ ಎಂತ ಉಂಟು ಗೊತ್ತಿಲ್ಲ ಅಂದಳು. ನಾನು ಕೈ ತೊಳೆಯಲು ಎದ್ದು ಹೋದೆ.

ಗೊತ್ತಿಲ್ಲ, ಹೌದು, ಅದೊಂದು ಮನೆಯದು ಗೊತ್ತಿಲ್ಲ, ಗದ್ದೆಯ ಆಚೆ ಕಾಣುವ ಮನೆ, ನಡೆದರೆ ಬೀಡಿ ಮುಗಿಯುವಷ್ಟು ದೂರ ಇಲ್ಲ, ಆದರೂ ಮಾಬ್ಲೇಶ್ವರ ಅಣ್ಣನ ಮನೆಯ ಅಕ್ಕಿ ಬಸ್ಸು ಹತ್ತಿ ಅಂಕೋಲೆಗೆ ಹೋಗಿ ಹಿಟ್ಟಾಗಿ ಮತ್ತೆ ಬಸ್ಸಿನಲ್ಲೇ ತಿರುಗಿ ಬರುತ್ತದೆ, ನನ್ನ ಗಿರಣಿಯ ಎದುರೇ ಸ್ಟಾಪು, ಅಣ್ಣ ಚೀಲ ಹೆಗಲಿಗೆ ಹಾಕಿಕೊಂಡು ಇಳಿಯುತ್ತಾನೆ, ಈ ಕಡೆ ಕತ್ತು ತಿರುಗಿಸಿದರೆ ಅವನ ಗಂಟೇನು ಹೋಗುತ್ತಿತ್ತೋ, ಹತ್ತು ವರ್ಷದ ಮೇಲಾಯಿತು, ಎಲ್ಲ ಒಂದು ಒರಳಿನ ದೆಸೆಯಿಂದ — ಕಾರವಾರದ ಗಿರಣಿಯಲ್ಲಿ ಕೂಲಿಗೆ ನಿಂತು ಬೀಸುವ ಕಲ್ಲಿಗೆ ಉಳಿ ಹೊಡೆದು ಹರಿತ ಮಾಡುವುದನ್ನು ಕಲಿತವನು ನಾನು, ಎಂಬತ್ತಮೂರರಲ್ಲಿ ಹಳೇ ಡೀಸೆಲ್ ಎಂಜಿನು ಲಾರಿಯಲ್ಲಿ ಬಂದಿಳಿದಾಗ ಊರಿಗೆ ಊರೇ ಬಂದು ಮುಟ್ಟಿ ಮುಟ್ಟಿ ನೋಡಿತ್ತು, ರಸ್ತೆ ಬದಿಗೆ ನಮ್ಮದು ಅಂತ ಇದ್ದದ್ದು ಈ ಕೊಟ್ಟಿಗೆಯೊಂದೇ, ನೆಲದ ನಡುಮಧ್ಯೆ ಹುಗಿದದ್ದು ನಮ್ಮನ್ನು ಹೆತ್ತ ಅವ್ವಿಯ ಒರಳು, ಅವಳು ಹೋಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು, ಎಂಜಿನು ಕೂರಿಸಲು ಹಾರೆ ಹಾಕಿ ಕಿತ್ತೆ, ಅಣ್ಣ ಗದ್ದೆಯಿಂದ ಬಂದವನು ನೋಡಿ ಬಾಗಿಲಲ್ಲೇ ನಿಂತ, ಅವ್ವಿ ನಿಂತು ಕುಟ್ಟಿದ ಜಾಗ ಅದು ಅಂದ, ಕುಟ್ಟಿ ಕುಟ್ಟಿ ರಟ್ಟೆ ಬಿದ್ದ ಜಾಗ ಅದು ಅಂದೆ ನಾನು, ಊರವರ ಭತ್ತ ಕುಟ್ಟಿ ನಮ್ಮಿಬ್ಬರನ್ನು ಸಾಕಿದಳಲ್ಲ, ಇನ್ನು ಯಾವ ಹೆಂಗಸಿನ ಕೈಯೂ ಹಾಗೆ ಬೊಕ್ಕೆ ಏಳುವುದು ಬೇಡ ಅಂತಲೇ ಗಿರಣಿ ತಂದದ್ದು, ಈಗಲೂ ಅದನ್ನೇ ಹೇಳುತ್ತೇನೆ, ನಾನು ಮಾಡಿದ್ದು ಸರಿ, ಅಣ್ಣ ಆ ಕಲ್ಲನ್ನು ಗಾಡಿಗೆ ಹೇರಿಕೊಂಡು ಹೋಗಿ ತನ್ನ ಹಿತ್ತಿಲಲ್ಲಿ ಹುಗಿದ, ಆವತ್ತು ನಿಂತ ಮಾತು ನಿಂತೇ ಹೋಯಿತು, ನನ್ನ ಯೋಗಿತಾಳ ಮದುವೆಗೂ ಬರಲಿಲ್ಲ — ಅವಳೀಗ ಶಿರವಾಡದಲ್ಲಿ, ಅಳಿಯ ಕಂಪನಿ ಬಸ್ಸಿನಲ್ಲಿ ಕೈಗಾಕ್ಕೆ ಹೋಗಿಬರುತ್ತಾನೆ, ಗಿರಣಿ ಮಾದೇವನ ಮಗಳು ಪ್ಯಾಕೆಟ್ ಹಿಟ್ಟು ತರುತ್ತಾಳೆ, ನಾಚಿಕೆ ಅಂಬೋದು ಬೇಡವೇ, ತಿಂಗಳಿಗೊಮ್ಮೆ ಕಂಡಕ್ಟರನ ಕೈಯಲ್ಲಿ ನಾನೇ ಹಿಟ್ಟು ಕಳಿಸುತ್ತೇನೆ, ಅಪ್ಪಾ ನಿಮ್ಮ ಹಿಟ್ಟಿನ ರೊಟ್ಟಿ ಉಬ್ಬುವ ಚಂದವೇ ಬೇರೆ ಅಂತಾಳೆ ಕಳ್ಳಿ, ಉಬ್ಬದೇ ಇರುತ್ತದೆಯೇ, ಅಣ್ಣನೂ ಒಂದು ದಿನ ಬರುತ್ತಾನೆ, ಬರಲೇಬೇಕು, ಅಂಕೋಲೆಯವನ ಗಿರಣಿಯಲ್ಲಿ ಹಿಟ್ಟು ಸುಟ್ಟು ಹೋಗುತ್ತದೆ, ಅದನ್ನು ತಿಂದವನು ಎಷ್ಟು ದಿನ ಸೆಟೆದುಕೊಂಡಾನು, ನಾನಂತೂ ಹೋಗುವವನಲ್ಲ.

ಯಾರದು, ಬೆಳಕಿಗೆ ಅಡ್ಡ ನಿಂತದ್ದು, ಹೊಸ ರೈಲುದಾರಿಗೆ ಮಣ್ಣು ಹೊತ್ತ ಲಾರಿ ಹೋದ ಧೂಳಿನಲ್ಲಿ ಮುಖ ಕಾಣುವುದಿಲ್ಲ, ಸೋಮಿ ಯಾಕೆ ಮಾತು ನಿಲ್ಲಿಸಿದಳು — ದುರ್ಗತ್ತಿಗೆ, ಅಣ್ಣನ ಹೆಂಡತಿ, ಕಂಕುಳಲ್ಲಿ ಡಬ್ಬಿ, ನನ್ನ ಗಿರಣಿಯ ಹೊಸ್ತಿಲ ಒಳಗೆ ಬಲಗಾಲು, ಬಂದರು, ನಾನು ಹೇಳಲಿಲ್ಲವೇ ಬರುತ್ತಾರೆ ಅಂತ, ಚಂಪಾಳನ್ನು ಈಗಲೇ ಕೂಗಿ ತೋರಿಸಬೇಕು, ನೋಡೇ, ಗೆದ್ದದ್ದು ಯಾರು — ನುಚ್ಚು ಮಾಡಿ ಕೊಡು ಮಾದೇವಾ, ಸಣ್ಣ ನುಚ್ಚು, ಅಂದರು ಅತ್ತಿಗೆ, ಎಷ್ಟು ವರ್ಷವಾಯಿತು ಈ ದನಿ ಕೇಳದೆ, ಕೊಡಿ ಅತ್ಗೆ ಅಂತ ಡಬ್ಬಿ ತೆಗೆದುಕೊಂಡೆ, ಹಗುರ, ಮುಚ್ಚಳ ತೆಗೆದರೆ ತಳದಲ್ಲಿ ನಾಲ್ಕು ಮುಷ್ಟಿ ಬೆಳ್ತಿಗೆ ಅಕ್ಕಿ, ತೊಳೆದದ್ದು, ಒಣಗಿಸಿದ್ದು, ಕೆಂಪಾಗದಂತೆ ಹದವಾಗಿ ಹುರಿದದ್ದು, ಇಂಥ ಅಕ್ಕಿಯ ನುಚ್ಚನ್ನು ತೆಳ್ಳಗೆ ಬೇಯಿಸಿ ಸೋಸಿ ಕೊಡುವುದು ಹಲ್ಲು ಬಾರದ ಕೂಸಿಗೆ, ಇಲ್ಲವೆ ಹಾಸಿಗೆ ಹಿಡಿದವರಿಗೆ, ಆ ಮನೆಯಲ್ಲಿ ಕೂಸೆಲ್ಲಿಂದ ಬಂತು, ಮಗ ಗುರುಪ್ರಸಾದನಿಗೆ ಇನ್ನೂ ಮದುವೆಯೇ ಇಲ್ಲ, ಅವನು ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಭಜಿ ಮುಕ್ಕುತ್ತಿದ್ದ, ಅತ್ತಿಗೆ ಇಲ್ಲೇ ಗಟ್ಟಿಯಾಗಿ ನಿಂತಿದ್ದಾರೆ, ಇನ್ನು ಉಳಿದದ್ದು — ಬಸ್ಸಿನಿಂದ ಚೀಲ ಹೊತ್ತು ಅಣ್ಣ ಇಳಿದದ್ದನ್ನು ನಾನು ಯಾವಾಗ ನೋಡಿದ್ದು, ಚೌತಿಗೆ ಮುಂಚೆಯೇ, ಇಷ್ಟು ದಿನ ಅವನು ಕಾಣದೇ ಇದ್ದದ್ದೂ ನನ್ನ ಲಕ್ಷ್ಯಕ್ಕೆ ಬರಲಿಲ್ಲ, ಅಣ್ಣ ನೀರು ಕುಡಿಯುವುದು ಕಣ್ಣೆದುರು ಬರುತ್ತದೆ, ಗದ್ದೆಯಿಂದ ಬಂದವನು ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು, ಗಂಟಲಮಣಿ ಮೇಲೆ ಕೆಳಗೆ, ಮೇಲೆ ಕೆಳಗೆ, ನಾನು ಚಿಕ್ಕವನು ಕೆಳಗೆ ನಿಂತು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದೆ. ಅತ್ಗೆ, ಅಣ್ಣನಿಗೇ ಅಲ್ವೇ ಅಂದೆ. ಹೂಂ ಅಂದರು, ಗಂಟ್ಲೊಳಗೆ ಗಡ್ಡೆ ಅಂದ್ರು ಡಾಕ್ಟರು, ಅನ್ನ ಇಳೀದೆ ತಿಂಗ್ಳಾಯ್ತು.

ಗಿರಣಿಯ ಪಟ್ಟೆ ಓಡುತ್ತಲೇ ಇದೆ, ಸೋಮಿ ತನ್ನ ಮಸಾಲೆ ಡಬ್ಬಿ ಎತ್ತಿಕೊಂಡು ಹೇಳದೆ ಕೇಳದೆ ಹೊರಗೆ ಹೋದಳು, ಕಲ್ಲಿನ ಖಾರ ಹೋಗಬೇಕು, ನನ್ನದೇ ಅಕ್ಕಿ ಒಂದು ಸೇರು ಸುರಿದು ಬೀಸಿ ಚೆಲ್ಲಿದೆ, ಮತ್ತೊಂದು ಸೇರು, ಖಾರದ ಒಂದು ಕಣ ಆ ಗಂಟಲಿಗೆ ಮುಟ್ಟಬಾರದು — ಆದರೆ ನಾಲ್ಕು ಮುಷ್ಟಿ ಅಕ್ಕಿಗೆ ಗಿರಣಿ ಯಾಕೆ, ಹಿತ್ತಿಲಲ್ಲಿ ಅವ್ವಿಯ ಒರಳೇ ಇದೆಯಲ್ಲ, ಇಷ್ಟು ನುಚ್ಚಿಗೆ ಒನಕೆ ಒಂದಿಷ್ಟು ಆಡಿಸಿದರೆ ಆಯಿತು, ಅತ್ಗೆ, ಮನೇಲಿ ಒರಳುಂಟಲ್ಲ ಅಂದೆ, ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡರು, ಅವ್ರೇ ಕಳ್ಸಿದ್ದು ಮಾದೇವಾ, ಒರಳಲ್ಲಿ ಕುಟ್ಟೂದು ಬೇಡ, ಮಾದೇವನ ಗಿರಣಿಗೆ ತಕಂಡು ಹೋಗು, ಎಂತಕ್ಕೆ ಅಂತ ಹೇಳೂದು ಬೇಡ, ಅಕ್ಕಿ ನೋಡ್ರೆ ಅವ್ನಿಗೆ ತಿಳೀತದೆ ಅಂದ್ರು — ಹಾಗಂದನೇ, ಅಣ್ಣ ಹಾಗಂದನೇ, ಕತ್ತು ತಿರುಗಿಸದವನು ನನ್ನ ಬಗ್ಗೆ ಎಲ್ಲ ಕೇಳಿಸಿಕೊಂಡಿದ್ದಾನೆ, ಪುಂಡಲೀಕ ಮಾಸ್ತರರ ಗೋಧಿಯ ಸುದ್ದಿಗೆ ಮನೆಯಲ್ಲಿ ಕೂತು ನಕ್ಕಿದ್ದಾನೆ, ತಮ್ಮನ ಜಾಣತನ ಅವನಿಗೆ ಗೊತ್ತು, ಬಾ ಅನ್ನಲು ಬಾಯಿ ಬಾರದವನು ಅಕ್ಕಿ ಕಳಿಸಿದ, ಬಂದೆ ಅಣ್ಣಾ, ಇಗೋ ಬಂದೆ, ಅಳುವುದು ಬೇಡ ಅತ್ಗೆ, ನಾನಿದ್ದೇನೆ, ಇಂಥ ನುಚ್ಚು ಮಾಡುತ್ತೇನೆ, ಅಂಕೋಲೆಯವನ ಅಪ್ಪನಿಂದಲೂ ಆಗದು, ಕಲ್ಲಿನ ಹಿಡಿ ಒಂದು ಸುತ್ತು ಬಿಗಿ, ಇನ್ನರ್ಧ, ರವೆಯಷ್ಟು ಸಣ್ಣ, ನಾನೇ ಹೊತ್ತು ತರುತ್ತೇನೆ, ನಾನೇ ಬೇಯಿಸುತ್ತೇನೆ, ಅವನ ತಲೆ ನನ್ನ ತೊಡೆಯ ಮೇಲಿಟ್ಟು ನಾನೇ ಕುಡಿಸುತ್ತೇನೆ, ಬೈಯಲಿ, ಬೈದರೆ ಎಷ್ಟು ಚಂದ, ಒಂದು ಚಮಚ, ಅಷ್ಟೇ ಅಣ್ಣಾ, ತೆಳ್ಳಗಿದೆ, ನೀರಿನಂತೆಯೇ ಇದೆ, ನುಂಗು — ಕಲ್ಲಿನ ಹಿಡಿ ಇನ್ನೂ ಕೈಯಲ್ಲೇ ಇದೆ, ಕಣ್ಣೆದುರು ಅಣ್ಣನ ಗಂಟಲಮಣಿ ಮೇಲೇರುತ್ತದೆ, ನುಂಗು ಅಣ್ಣಾ, ನಾನೇ ಬೀಸಿದ್ದು, ಮೇಲೇರುತ್ತದೆ, ಮೇಲೇ ನಿಂತಿದೆ