ಹೇಳಿ ಮುಟ್ಟುವ ಕೈ

ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಪರದೇಶಕ್ಕೆ ಬಂದು ಮುದುಕರ ಆರೈಕೆಯ ಕೆಲಸಕ್ಕೆ ಸೇರಿದಾಗ ಅವಳ ತಲೆಯಲ್ಲಿ ಒಂದೂ ನರೆಕೂದಲಿರಲಿಲ್ಲ. ಈಗ ಅವಳೂ ಅವಳು ನೋಡಿಕೊಳ್ಳುವ ತಾತನೂ ಕಿಟಕಿಯ ಪಕ್ಕ ಕೂತರೆ, ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಬಂದವರು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು. ತಾತ ಹಿಂದೆ ಬಸ್ ಓಡಿಸುತ್ತಿದ್ದವರು. ಗಾಲಿಕುರ್ಚಿಗೆ ಬಿದ್ದ ಮೇಲೂ ಬೈಯುವ ಚಟ ಬಿಟ್ಟಿರಲಿಲ್ಲ. "ನಿಧಾನ! ಬ್ರೇಕೇ ಇಲ್ವಾ ನಿಂಗೆ?" ಎಂದು ದಿನಕ್ಕೊಮ್ಮೆಯಾದರೂ ಗದರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ತಟ್ಟದೆ ಬಾಗಿಲು ತೆರೆಯಬಾರದು, ಹೇಳದೆ ಮೈ ಮುಟ್ಟಬಾರದು. ಕೈಗವಸು ಹಾಕಿಕೊಂಡು, ಎದುರಿಗೆ ನಿಂತು, "ಈಗ ನಿಮ್ಮ ಬಲಗೈ ಎತ್ತುತ್ತೇನೆ" ಎನ್ನಬೇಕು. ಅವರು ಹೂಂ ಎನ್ನುವವರೆಗೆ ಕಾಯಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೇಳದೆ ಬೆನ್ನು ಮುಟ್ಟಿದ್ದಕ್ಕೆ ಒಬ್ಬ ಅಜ್ಜಿ ಅಕ್ಕನ ಕೆನ್ನೆಗೆ ಬಾರಿಸಿದ್ದಳು. ಬೇರೆಯವರ ಮೈ ನಮ್ಮ ಸೊತ್ತಲ್ಲವಲ್ಲ ಎಂದು ಅಕ್ಕ ಅಂದೇ ತಿಳಿದುಕೊಂಡಳು. ಮಾತು ಸರಿಯಾದದ್ದೇ. ಆದರೆ ಸರಿಯಾದ ಮಾತೂ ವರ್ಷಾನುಗಟ್ಟಲೆ ಕೈಯಲ್ಲಿ ಕೂತರೆ ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಪರದೇಶದಿಂದ ಬಂದ ಆಯಾಗಳ ಬದುಕಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಹುಡುಗಿ ಆಗಾಗ ತಾತನ ಮನೆಗೆ ಬರುತ್ತಿದ್ದಳು. ಮೇಜಿನ ಮೇಲೆ ರೆಕಾರ್ಡರ್ ಇಟ್ಟು, ಟೀ ಆರಿಹೋಗುವವರೆಗೆ ಪ್ರಶ್ನೆ ಕೇಳುತ್ತಿದ್ದಳು. ತಾತ ಅವಳಿಗೆ ಪ್ರಶ್ನೆಯಮ್ಮ ಎಂದು ಹೆಸರಿಟ್ಟಿದ್ದರು.

"ನಿಮಗೆ ವಯಸ್ಸಾದ ಮೇಲೆ ನಿಮ್ಮನ್ನ ಯಾರು ನೋಡ್ಕೋತಾರೆ?" ಎಂದು ಪ್ರಶ್ನೆಯಮ್ಮ ಒಂದು ದಿನ ಕೇಳಿದಳು.

ಅಕ್ಕನಿಗೆ ನಗು ಬಂತು. "ಇದೂ ಒಂದು ಪ್ರಶ್ನೆನಾ? ಊರಲ್ಲಿರೋ ನಮ್ಮ ಮನೆ ಜನ. ರಜೆ ಹಾಕಿ ಊರಿಗೆ ಹೊರಟಿದ್ದೀನಿ. ಅಮ್ಮನ್ನ ನಾನೇ ನೋಡ್ಕೋತೀನಿ. ಅಲ್ಲಿ ಹೊಂದಿಕೆ ಆದ್ರೆ ವಾಪಸ್ ಬರಲ್ಲ, ಅಲ್ಲೇ ಇದ್ದುಬಿಡ್ತೀನಿ."

ತಾತ ಗಾಲಿಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಅವತ್ತೆಲ್ಲ ಬೈಯಲಿಲ್ಲ.

ಊರಿನಲ್ಲಿ ತಮ್ಮನ ಮನೆ. ಅಮ್ಮನಿಗೆ ಸೊಂಟ ಬಿದ್ದುಹೋಗಿತ್ತು, ಕಣ್ಣು ಮಂಜು. ಬುದ್ಧಿ ಮಾತ್ರ ಹರಿತ, ನಾಲಗೆ ಅದಕ್ಕಿಂತ ಹರಿತ. ಅವಳ ಚಾಕರಿಯೆಲ್ಲ ತಮ್ಮನ ಹೆಂಡತಿಯದು. ಅಕ್ಕ ಬಂದವಳೇ ಸೆರಗು ಸಿಕ್ಕಿಸಿ, "ನೀನಿನ್ನು ಸ್ವಲ್ಪ ಕಾಲು ಚಾಚಿ ಕೂತ್ಕೋ. ಇದು ನನ್ನ ಕಸುಬು" ಎಂದಳು. ಅವಳೂ ಸಂತೋಷದಿಂದಲೇ ಒಪ್ಪಿದಳು.

ಮರುದಿನ ಬೆಳಿಗ್ಗೆ ಅಕ್ಕ ಅಮ್ಮನ ಕೋಣೆಯ ಬಾಗಿಲು ತಟ್ಟಿದಳು.

"ಯಾರದು?" ಅಮ್ಮ ಗಾಬರಿಯಿಂದ ಕೂಗಿದಳು. "ಡಾಕ್ಟ್ರು ಬಂದ್ರಾ?"

"ನಾನಮ್ಮ."

"ನೀನಾ? ಮತ್ತೆ ಬಾಗಿಲು ಯಾಕೆ ತಟ್ತೀಯ, ಸಾಲ ಕೇಳೋಕೆ ಬಂದೋರ ಥರ?"

ಸ್ನಾನದ ಮನೆಯಲ್ಲಿ ಅಕ್ಕ ಕೈಗವಸು ಹಾಕಿಕೊಂಡಳು. "ಅಮ್ಮ, ಈಗ ನಿನ್ನ ಬಲಗೈ ಎತ್ತುತ್ತೀನಿ. ಈಗ ಬೆನ್ನಿಗೆ ನೀರು ಹಾಕ್ತೀನಿ. ಈಗ ಎಡಗಾಲು." ಅಮ್ಮ ಕಲ್ಲಿನ ಹಾಗೆ ಕೂತಿದ್ದಳು. ಒಂದು ಹನಿ ಸೋಪೂ ಕಣ್ಣಿಗೆ ಹೋಗಲಿಲ್ಲ, ಎಲ್ಲೂ ನೋವಾಗಲಿಲ್ಲ. ಇಷ್ಟು ಹದವಾದ ಸ್ನಾನ ಆ ಮನೆಯಲ್ಲಿ ಯಾರಿಗೂ ಆಗಿರಲಿಕ್ಕಿಲ್ಲ. ಮುಗಿದ ಮೇಲೆ ಅಮ್ಮ ಆ ರಬ್ಬರಿನ ಬೆರಳುಗಳನ್ನು ತಡವಿ, "ನನ್ನ ಮೈ ಅಷ್ಟು ಹೇಸಿಗೆ ಆಗಿದ್ಯೇನೇ?" ಎಂದು ಕೇಳಿದಳು.

ತಮ್ಮನ ಮಗಳು ಅಷ್ಟು ಹೊತ್ತಿಗೆ ಅಕ್ಕನಿಗೆ ಸ್ಟೇಷನ್ ಅತ್ತೆ ಎಂದು ಹೆಸರಿಟ್ಟಾಗಿತ್ತು. "ರೈಲು ಬರೋ ಮುಂಚೆ ಹೇಳ್ತಾರಲ್ಲ, ಹಾಗೆ. ಅತ್ತೆ ಲೋಟ ಎತ್ತಬೇಕಾದ್ರೂ ಅನೌನ್ಸ್ ಮಾಡ್ತಾರೆ!" ಮನೆಯವರೆಲ್ಲ ನಕ್ಕರು. ಅಕ್ಕನೂ ನಕ್ಕಳು.

ಒಂದು ದಿನ ಅಕ್ಕ ಔಷಧಿ ತರಲು ಹೋಗಿ ಬರುವಷ್ಟರಲ್ಲಿ ತಮ್ಮನ ಹೆಂಡತಿ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದಳು. ಅದು ಸ್ನಾನವೋ ಕುಸ್ತಿಯೋ! ಅವಳು ಕೇಳದೆ ಹೇಳದೆ ಕೈ ಹಿಡಿದೆಳೆದು ತಿಕ್ಕುತ್ತಿದ್ದಳು. "ಸೊಂಟ ಸ್ವಲ್ಪ ಎತ್ತಿ ಅತ್ತೆ, ನೀವೇನು ಮಹಾರಾಣಿನಾ?" ಎಂದು ಅವಳು. "ಚರ್ಮ ಸುಲೀತಿದ್ದೀಯಲ್ಲೇ ರಾಕ್ಷಸಿ!" ಎಂದು ಅಮ್ಮ. ಮೈ ಒರೆಸುವಾಗ ಅಮ್ಮ ಸೊಸೆಯ ಒದ್ದೆ ತೋಳಿಗೆ ಹಣೆಯಾನಿಸಿ ಹಾಗೇ ಸುಮ್ಮನೆ ಕೂತಳು. ಅವಳೂ ಬಯ್ಯುವುದನ್ನು ನಿಲ್ಲಿಸಿ, ತಲೆ ಒರೆಸುತ್ತ ನಿಂತಳು. ಅಕ್ಕ ಔಷಧಿಯ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನು, ಉರಿದುಹೋಯಿತು.

ಮಾರನೆಯ ದಿನ ಅಕ್ಕ ಕೈಗವಸನ್ನು ಕಸದ ಬುಟ್ಟಿಗೆ ಎಸೆದಳು. ಇವತ್ತು ಬಾಯಿ ಬಿಡುವುದಿಲ್ಲ, ಮಗಳ ಹಾಗೆ ಸುಮ್ಮನೆ ಕೈ ಹಾಕುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡಳು. ಅಮ್ಮ ಮಣೆಯ ಮೇಲೆ ಕೂತಿದ್ದಳು, ನೀರು ಬಿಸಿಯಿತ್ತು. ಅಕ್ಕ ಕೈ ಚಾಚಿದಳು. ಅಮ್ಮನ ಭುಜಕ್ಕೆ ಎರಡು ಬೆರಳು ದೂರದಲ್ಲಿ ಕೈ ನಿಂತುಬಿಟ್ಟಿತು. ಮುಂದೆ ಹೋಗು ಎಂದರೆ ಹೋಗದು. ಹೂಂ ಎನ್ನುವ ಮಾತಿಗೆ ಕಾಯುತ್ತಿತ್ತು ಅದು.

"ಏನೇ? ಯಾಕೆ ನಿಂತೆ?" ಎಂದಳು ಅಮ್ಮ. "ಚಳಿ ಆಗ್ತಿದೆ."

ಅಕ್ಕ ಗಾಬರಿಯಲ್ಲಿ ಅಮ್ಮನ ಕೈಯನ್ನು ಜೋರಾಗಿ ಹಿಡಿದೆಳೆದಳು. ಅಮ್ಮ "ಅಯ್ಯೋ!" ಎಂದಳು.

"ಕ್ಷಮಿಸಿ" ಎಂದಿತು ಅಕ್ಕನ ಬಾಯಿ, ತಾತನಿಗೆ ಹೇಳುವ ಅದೇ ದನಿಯಲ್ಲಿ.

ಅಮ್ಮ ತೋಳು ಉಜ್ಜಿಕೊಂಡಳು. ಆಮೇಲೆ ಮೆಲ್ಲಗೆ, "ನೀನು ತುಂಬಾ ಚೆನ್ನಾಗಿ ಮಾಡ್ತೀಯ ಕಣೇ. ಯಾರಿಗೂ ಇಷ್ಟು ಚೆನ್ನಾಗಿ ಬರಲ್ಲ. ಆದ್ರೆ ನಂಗೆ ಆಸ್ಪತ್ರೇಲಿ ಕೂತ ಹಾಗಾಗುತ್ತೆ. ಬೇಜಾರ್ ಮಾಡ್ಕೋಬೇಡ, ಅವಳನ್ನೇ ಕರಿ" ಎಂದಳು.

ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುತ್ತಾರೆ. ಪಾಪ, ಅಕ್ಕ ಮಾರಿಯಾಗಿರಲಿಲ್ಲ. ಆದರೆ ಉಪಕಾರಿಯಾಗುವುದು ಬಿಟ್ಟು ಬೇರೇನೂ ಆಗಲು ಅವಳ ಕೈಗೆ ಬರುತ್ತಿರಲಿಲ್ಲ. ಉಳಿದ ರಜೆಯನ್ನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕಳೆದಳು. ಪಾತ್ರೆಗಳನ್ನಾದರೂ ಯಾವ ಗೂಡಿನಲ್ಲಿಡಬೇಕೆಂದು ಪ್ರತಿ ಸಲವೂ ಕೇಳಬೇಕಾಗಿತ್ತು. ಹೊರಡುವ ದಿನ ಅಮ್ಮ ಅವಳ ಮುಖವನ್ನೆಲ್ಲ ತಡವಿ ಅತ್ತಳು. ಇರು ಎಂದು ಮಾತ್ರ ಹೇಳಲಿಲ್ಲ. ತಮ್ಮನೂ ಹೇಳಲಿಲ್ಲ.

ಅಕ್ಕ ಮತ್ತೆ ತಾತನ ಬಾಗಿಲು ತಟ್ಟಿದಳು.

"ಬಂದ್ಯಾ? ನಿನ್ನ ಬದಲಿಗೆ ಬಂದಿದ್ದೋಳಿಗೆ ಸ್ಟೇರಿಂಗ್ ಹಿಡಿಯೋಕೇ ಬರಲ್ಲ" ಎಂದು ತಾತ ಗೊಣಗಿದರು. ಅಕ್ಕ ಕೈಗವಸು ಹಾಕಿಕೊಂಡು ಎದುರಿಗೆ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ತಾತ ತಮ್ಮ ನಡುಗುವ ಬಲಗೈಯನ್ನು ತಾವೇ ಎತ್ತಿದರು. ಅಕ್ಕನಿಗೆ ಅಳು ಬಂತು. ಈ ಮುದುಕ ಕಣ್ಣು ಮುಚ್ಚಿದ ದಿನ ತಾನು ಈ ಬಾಗಿಲಿನ ಬೀಗದ ಕೈಯನ್ನೂ ಕೊಟ್ಟು ಹೋಗಬೇಕು ಎನ್ನುವುದು ಅವಳಿಗೆ ನೆನಪಿತ್ತು.

ಆ ವಾರ ಪ್ರಶ್ನೆಯಮ್ಮ ಬಂದಳು. "ಅವತ್ತು ಕೇಳಿದ್ನಲ್ಲ, ವಯಸ್ಸಾದ ಮೇಲೆ..." ಎಂದು ಶುರುಮಾಡಿದಳು.

"ಟೀ ಆರಿಹೋಗುತ್ತೆ, ಕುಡಿಯಮ್ಮ" ಎಂದಳು ಅಕ್ಕ.

ಅಕ್ಕ ಇರುತ್ತಿದ್ದದ್ದು ಬಾಡಿಗೆಯ ಒಂದು ಕೋಣೆ. ಮಂಚ, ಒಂದು ಕುರ್ಚಿ, ಅಂಗೈಯಗಲದ ಸ್ನಾನದ ಮನೆ. ಭಾನುವಾರ ಬೆಳಿಗ್ಗೆ ನೀರು ತೋಡಿಕೊಂಡು ಕೂತಾಗ ಅವಳ ಬಲ ಭುಜ ಹಿಡಿದುಕೊಂಡಿತು. ಎಷ್ಟೋ ಜನರನ್ನು ಎತ್ತಿ ಕೂರಿಸಿದ ಭುಜ ಅದು. ಕೈ ತಲೆಯವರೆಗೆ ಹೋಗಲೇ ಇಲ್ಲ. ಹೊರಗೆ ಬೀದಿಯಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿದ್ದರು. ಅಕ್ಕ ಎಡಗೈಯಿಂದ ಬಲಗೈಯ ಮೊಣಕೈ ಹಿಡಿದುಕೊಂಡಳು.

"ಈಗ ನಿಮ್ಮ ಬಲಗೈ ಎತ್ತುತ್ತೇನೆ" ಎಂದಳು ಗಟ್ಟಿಯಾಗಿ.

ಹೇಳಿ, ಕಾದಳು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಬೇರೆ ಯಾರೂ ಇಲ್ಲದ್ದರಿಂದ, ಅವಳೇ ಹೂಂ ಎಂದಳು.